ಊರಿನವರ ಊಟ ಎಲ್ಲಿ ಸಿಗುತ್ತದೆ?



ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಆಡಿದ ಮಾತು ಇದು. ಆ ಹೊತ್ತಿಗೆ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಿದ್ದವರು, ಕುಕ್ಕರಿನ ಸೀಟಿಯಲ್ಲಿ ಅರ್ಧ ಮಾತು ಕಳೆದುಕೊಂಡವರು, ಅಂಗಡಿಯ ಹೆಸರು ಬರೆದುಕೊಳ್ಳೋಣ ಅಂದರೆ ಪೆನ್ನು ಸಿಗದವರು, ಹೀಗೆ ಬಹಳ ಜನ ಫೋನ್ ಮಾಡಿದಿರಿ. ನಿಮಗಾಗಿ ಅದನ್ನೇ ಬರೆದು ಕೊಟ್ಟಿದ್ದೇನೆ. ಓದುವಾಗ ನನ್ನ ದನಿ ನಿಮ್ಮ ಕಿವಿಯಲ್ಲಿ ಕೇಳಿದರೆ ನನ್ನ ಕೆಲಸ ಸಾರ್ಥಕ.

ಎಲ್ಲ ಶುರುವಾದದ್ದು ಕಳವಾದ ಒಬ್ಬ ಕೇಳುಗರ ಪತ್ರದಿಂದ. ಅವರ ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಹಡಗು ಇಟಲಿಯ ಜಿನೋವಾ ಬಂದರಿನಲ್ಲಿ ನಿಂತಿದ್ದಾಗ ಹುಡುಗರೆಲ್ಲ ಊರು ಸುತ್ತಲು ಇಳಿದರಂತೆ. ಅಲ್ಲಿ ಕಡಲೆಹಿಟ್ಟಿಗೆ ನೀರು, ಆಲಿವ್ ಎಣ್ಣೆ ಸೇರಿಸಿ ದೊಡ್ಡ ತಾಮ್ರದ ತಟ್ಟೆಯಲ್ಲಿ ಸುರಿದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಹೆಸರು ಫರಿನಾತಾ. ಬಂದರಿನ ಕೂಲಿಯವರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರೂ ತಿನ್ನುವ ತಿಂಡಿ. ಹುಡುಗ ಅದನ್ನು ತಿಂದು, ಫೋಟೋ ತೆಗೆದು ಅಮ್ಮನಿಗೆ ಕಳಿಸಿದ. ರಜೆಗೆ ಮನೆಗೆ ಬಂದವನು ಒಂದು ದಿನ ಕೇಳಿದನಂತೆ: "ಅಮ್ಮಾ, ಜಿನೋವಾದಲ್ಲಿ ಮೊದಲ ದಿನವೇ ಆ ಊರಿನವರ ತಿಂಡಿ ತಿಂದೆ. ನಾನು ಹುಟ್ಟಿದ್ದು ಥಾಣೆಯಲ್ಲಿ. ಥಾಣೆಯ ಊರಿನವರು ಏನು ತಿನ್ನುತ್ತಾರೆ? ಎಲ್ಲಿ ಸಿಗುತ್ತದೆ?"

ತಾಯಿ ಬರೆದಿದ್ದರು: "ಮೂವತ್ತೊಂದು ವರ್ಷದಿಂದ ಇಲ್ಲಿದ್ದೇನೆ. ನನಗೆ ಉತ್ತರ ಗೊತ್ತಾಗಲಿಲ್ಲ. ನಿಮಗೆ ಗೊತ್ತಿದ್ದರೆ ರೇಡಿಯೋದಲ್ಲಿ ಹೇಳಿ."

ನಿಜ ಹೇಳುತ್ತೇನೆ, ಪತ್ರ ಓದಿದಾಗ ನನಗೂ ಪೂರ್ತಿ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಇಡ್ಲಿ ಎಲ್ಲಿ ಮೆತ್ತಗಿರುತ್ತದೆ, ಬಿಸಿಬೇಳೆಭಾತ್ ಯಾವ ವಾರ ಮಾಡುತ್ತಾರೆ, ಧಾರವಾಡದ ಕಡಕ್ ರೊಟ್ಟಿ ಯಾರ ಮನೆಯಲ್ಲಿ ಸಿಗುತ್ತದೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲೆ. ನಮ್ಮವರು ಈ ಕಡೆ ಬಂದದ್ದೇ ಹೋಟೆಲಿನ ಬೆನ್ನು ಹತ್ತಿ ಅಲ್ಲವೇ? ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ಎ. ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಕಲ್ಯಾಣ, ಪನವೇಲ್‌ವರೆಗೆ, ನಿಲ್ದಾಣ ಇದ್ದಲ್ಲೆಲ್ಲ ಒಂದು ಉಡುಪಿ ಹೋಟೆಲ್ ಇದೆ. ನಾವು ಈ ಊರಿಗೆ ಬಡಿಸಿದ್ದೇವೆ. ಆದರೆ ಈ ಊರಿನ ಎಲೆಯ ಮುಂದೆ ಕೂತದ್ದು ಕಡಿಮೆ.

ಇದರಲ್ಲಿ ನಮ್ಮ ಮನೆಯ ಕಥೆಯೂ ಇದೆ. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು. ಥಾಣೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತೆಂಟು ವರ್ಷ ಕೂತವರು. ಹೋಟೆಲಿನ ಹೆಸರು ಬೇಡ. ಅಲ್ಲಿಗೆ ಪ್ರತಿದಿನ ಹನ್ನೊಂದು ಗಂಟೆಯ ಸುಮಾರಿಗೆ ಒಬ್ಬ ಮೀನು ಮಾರುವ ಮಾವಶಿ ಬರುತ್ತಿದ್ದರು. ಬುಟ್ಟಿ ಖಾಲಿಯಾದ ಮೇಲೆ ಎರಡು ಇಡ್ಲಿ, ಒಂದು ಕಾಫಿ. ಒಳಗೆ ಕೂತರೆ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ಮಾಲೀಕರು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂತು ತಿನ್ನಬೇಕು. ಅಪ್ಪಯ್ಯನಿಗೆ ಅದು ಸರಿ ಕಾಣುತ್ತಿರಲಿಲ್ಲ. ಆದರೆ ಸಂಬಳಕ್ಕಿರುವವರು ಎಷ್ಟು ಮಾತಾಡಿಯಾರು? ಕಾಫಿಯನ್ನು ತಾವೇ ಲೋಟದಲ್ಲಿ ತಂದುಕೊಟ್ಟು ಎರಡು ಮಾತು ಆಡಿ ಒಳಗೆ ಹೋಗುತ್ತಿದ್ದರು. ಮಾವಶಿ ಹೇಳುತ್ತಿದ್ದರಂತೆ: "ಅಣ್ಣಾ, ನೀನು ಊರಿಗೆಲ್ಲ ಊಟ ಹಾಕುತ್ತೀ. ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬಾ. ಹೆಂಡತಿ ಮಗಳನ್ನೂ ಕರೆದುಕೊಂಡು ಬಾ." ಅಪ್ಪಯ್ಯ ಮನೆಗೆ ಬಂದು ನಮಗೆ ಹೇಳುತ್ತಿದ್ದರು, "ಮುಂದಿನ್ ಆದಿತ್ಯವಾರ ಹೋಪ." ನಮ್ಮ ಮನೆಯಲ್ಲಿ ಮೀನು ತಿನ್ನುತ್ತೇವೆ. ಆದ್ದರಿಂದ ಅಡ್ಡಿ ಅದಲ್ಲ. ಆದಿತ್ಯವಾರ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ, ರಜೆ ಸಿಗುತ್ತಿರಲಿಲ್ಲ. ಆ ಆದಿತ್ಯವಾರ ಬರಲೇ ಇಲ್ಲ. 2019ರಲ್ಲಿ ಅಪ್ಪಯ್ಯ ತೀರಿಕೊಂಡರು.

ಈ ಕಥೆಗೆ ಮತ್ತೆ ಬರುತ್ತೇನೆ. ಮೊದಲು ಆ ಹಡಗಿನ ಹುಡುಗನ ಪ್ರಶ್ನೆಗೆ ಉತ್ತರ ಹುಡುಕೋಣ. ಥಾಣೆಯಿಂದಲೇ ಹೊರಡೋಣ, ಏಕೆಂದರೆ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಈ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದೂ ಇಲ್ಲಿಯೇ.

ಬೆಳಗಿನ ತಿಂಡಿಗೆ ನಿಲ್ದಾಣದಿಂದ ನಡೆದುಕೊಂಡೇ ಮಾಮಲೇದಾರ್ ಮಿಸಳಿಗೆ ಹೋಗಿ. ಮಾಮಲೇದಾರ ಅಂದರೆ ತಹಶೀಲ್ದಾರ. ತಹಶೀಲ್ದಾರ್ ಕಚೇರಿಯ ಆವರಣದ ಕ್ಯಾಂಟೀನಾಗಿ 1946ರಲ್ಲಿ ಶುರುವಾದದ್ದರಿಂದ ಜನರೇ ಇಟ್ಟ ಹೆಸರು ಅದು. ಅರ್ಜಿ ಹಿಡಿದು ಹಳ್ಳಿಯಿಂದ ಬಂದವರು, ಗುಮಾಸ್ತರು, ವಕೀಲರು ತಿಂದು ತಿಂದೇ ಪ್ರಸಿದ್ಧಿ ಮಾಡಿದ ಜಾಗ. ಸ್ಥಾಪಿಸಿದವರ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ: ನರಸಿಂಹ ಮುರ್ಡೇಶ್ವರ. ಹೌದು, ನಮ್ಮ ಉತ್ತರ ಕನ್ನಡದ ಕಡಲ ತೀರದ ಮುರ್ಡೇಶ್ವರವೇ ಆ ಅಡ್ಡಹೆಸರಿನಲ್ಲಿದೆ. ಥಾಣೆಯವರು "ಇದು ನಮ್ಮ ಊರಿನದೇ" ಎಂದು ಎದೆ ತಟ್ಟಿ ಹೇಳುವ ತಿಂಡಿಯ ಮೇಲೆ ನಮ್ಮ ಕರಾವಳಿಯ ಒಂದು ಊರಿನ ಹೆಸರಿದೆ. ಖಾರ ಎಷ್ಟು ಬೇಕೆಂದು ಕೇಳುತ್ತಾರೆ. ಮೊದಲ ಸಲ ಹೋದವರು ಶೌರ್ಯ ತೋರಿಸಬೇಡಿ, "ಕಮೀ ತಿಖಟ್" ಅನ್ನಿ. ನಮ್ಮ ವಿಜಾಪುರದ ಒಬ್ಬ ಕೇಳುಗರು "ನಮಗೆ ಖಾರ ಹೊಸದಲ್ಲ ಬಿಡ್ರಿ" ಅಂತ ಜಾಸ್ತಿ ಖಾರ ಹಾಕಿಸಿಕೊಂಡು, ಆಮೇಲೆ ಎರಡು ಲೋಟ ಮಜ್ಜಿಗೆ ಕುಡಿದರಂತೆ.

ಮಧ್ಯಾಹ್ನದ ಹಸಿವಿಗೆ ವಡಾಪಾವ್. ಥಾಣೆ ನಿಲ್ದಾಣದ ಎದುರಿನ ಕುಂಜವಿಹಾರದಲ್ಲಿ ವಡೆ ಅಂಗೈಯಷ್ಟು ದೊಡ್ಡದು. ನೌಪಾಡಾದ ಗಜಾನನ ವಡಾಪಾವ್‌ನಲ್ಲಿ ವಡೆಗಿಂತ ಚಟ್ನಿಯೇ ಹೆಸರುವಾಸಿ. ಕಡಲೆಹಿಟ್ಟಿನ ಹಳದಿ ಚಟ್ನಿ, ತೆಳ್ಳಗೆ, ಬಿಸಿಯಾಗಿ. ಕಳವಾದ ತಾಯಿಗೆ ನಾನು ಹೇಳಿದೆ: ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಜಿನೋವಾದ ಕಡಲೆಹಿಟ್ಟು ಮತ್ತು ಥಾಣೆಯ ಕಡಲೆಹಿಟ್ಟು ಎರಡರಲ್ಲಿ ಯಾವುದು ಮೇಲು ಅಂತ ಅವನೇ ಹೇಳಲಿ.

ವಡಾಪಾವ್ ಸಾಂಪ್ರದಾಯಿಕವೇ ಎಂದು ನೀವು ಕೇಳಬಹುದು. ಅದನ್ನು ಮೊದಲು ಮಾರಿದವರು 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಗಾಡಿ ಇಟ್ಟಿದ್ದ ಅಶೋಕ ವೈದ್ಯ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ ನಿಮ್ಮಲ್ಲಿ ಹಲವರಿಗಿಂತ ಚಿಕ್ಕ ತಿಂಡಿ! ಆದರೆ ಅದರ ಒಳಗಿನ ಸಾಮಾನು ಹಳೆಯದು. ಪಾವ್ ಎಂಬ ಮಾತು ಪೋರ್ಚುಗೀಸರದು, ಬಟಾಟೆ ಎಂಬ ಮಾತೂ ಅವರದೇ. 1737ರಲ್ಲಿ ಮರಾಠರು ಗೆಲ್ಲುವ ತನಕ ಥಾಣೆ ಪೋರ್ಚುಗೀಸರ ಕೈಯಲ್ಲಿತ್ತು. ಇಲ್ಲಿನ ಮೂಲ ಕ್ರೈಸ್ತರಾದ ಈಸ್ಟ್ ಇಂಡಿಯನ್ನರ ಮನೆಗಳಲ್ಲಿ ಇವತ್ತಿಗೂ ವರ್ಷಕ್ಕಾಗುವಷ್ಟು ಮಸಾಲೆ ಕುಟ್ಟಿಸಿ ಬಾಟಲಿಗಳಲ್ಲಿ ತುಂಬಿಡುತ್ತಾರೆ. ಅದಕ್ಕೆ ಬಾಟಲ್ ಮಸಾಲಾ ಎಂದೇ ಹೆಸರು. ಅದಕ್ಕೂ ಹಿಂದೆ ಹೋದರೆ, ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದ ಶಿಲಾಹಾರರು ಆಳಿದ ಸ್ಥಾನಕವೇ ಈ ಥಾಣೆ. ಒಂದು ಊರಿನ ಊಟ ಅಂದರೆ ಯಾರೋ ಒಬ್ಬರ ಆಸ್ತಿ ಅಲ್ಲ. ಬಂದವರೆಲ್ಲ ಒಂದೊಂದು ಹಿಡಿ ಹಾಕಿದ ಪಾತ್ರೆ ಅದು.

ಥಾಣೆಯಿಂದ ಕಲ್ಯಾಣಕ್ಕೆ ಹೋಗೋಣ. ಇದು ಬಸವಣ್ಣನವರ ಕಲ್ಯಾಣವಲ್ಲ. ಬೀದರ್ ಕಡೆಯಿಂದ ಹೊಸದಾಗಿ ಬಂದವರು ಮೊದಲು ಗೊಂದಲ ಮಾಡಿಕೊಳ್ಳುವುದುಂಟು. ಆದರೆ ಇದೂ ಸಣ್ಣ ಊರಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಂದರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದವರು ಕೊಟ್ಟ ದಾನಗಳ ಉಲ್ಲೇಖ ಇದೆ. ಅಂಥ ಊರಿನಲ್ಲಿ ಇವತ್ತು ಯಾರನ್ನು ಕೇಳಿದರೂ ತೋರಿಸುವುದು ಖಿಡಕಿ ವಡಾ. ಅರ್ಧ ಶತಮಾನಕ್ಕೂ ಹಿಂದೆ ಒಂದು ಕುಟುಂಬ ತನ್ನ ಮನೆಯ ಕಿಟಕಿಯಿಂದಲೇ ವಡೆ ಮಾರಲು ಶುರು ಮಾಡಿತು. ಅಂಗಡಿಗೆ ಬೋರ್ಡು ಇರಲಿಲ್ಲ, ಕಿಟಕಿಯೇ ಬೋರ್ಡು. ಮನೆಯ ಅಡುಗೆ ಬೀದಿಗೆ ಬರುವುದಕ್ಕೆ ಒಂದು ಕಿಟಕಿ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಕಲ್ಯಾಣದಿಂದ ಕರ್ಜತ್ ಕಡೆಯ ಗಾಡಿ ಹತ್ತಿದರೆ ವಿಠ್ಠಲವಾಡಿ ಆದ ಮೇಲೆ ಉಲ್ಲಾಸನಗರ. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದ ಸಿಂಧಿಗಳನ್ನು ಇಲ್ಲಿಯ ಸೈನ್ಯದ ಬಿಡಾರಗಳಲ್ಲಿ ಇರಿಸಿದರು. 1949ರಲ್ಲಿ ಊರಿಗೆ ಹೆಸರು ಬಂತು. ಆದಿತ್ಯವಾರ ಬೆಳಗ್ಗೆ ಅಲ್ಲಿ ದಾಲ್ ಪಕವಾನ್ ತಿನ್ನಿ. ಗರಿಗರಿ ಪೂರಿಯಂಥದ್ದು, ಜೊತೆಗೆ ಕಡಲೆಬೇಳೆ. ಎಲ್ಲ ಬಿಟ್ಟು ಬಂದವರು ನೆನಪಿನಲ್ಲಿ ಹೊತ್ತು ತಂದ ಅಡುಗೆ. ನಮ್ಮ ಹಿರಿಯರು ಕಬ್ಬಿಣದ ಪೆಟ್ಟಿಗೆಯಲ್ಲಿ ದೋಸೆ ಕಾವಲಿ ಇಟ್ಟುಕೊಂಡು ಬಂದದ್ದು ನೆನಪಾಗುತ್ತದೆ.

ಈಗ ನಮ್ಮ ಡೊಂಬಿವಲಿ. ಇಲ್ಲಿ ಸಾಂಪ್ರದಾಯಿಕ ಊಟ ಹುಡುಕುವವರು ದೊಡ್ಡ ಹೋಟೆಲಿಗೆ ಹೋಗಬೇಡಿ, ಪೋಳಿ-ಭಾಜಿ ಕೇಂದ್ರಗಳಿಗೆ ಹೋಗಿ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಗಾಡಿ ಹಿಡಿಯುವ ಊರು ಇದು. ರಾತ್ರಿ ಇಳಿಯುವಾಗ ಕೈಕಾಲು ಸೋತಿರುತ್ತದೆ. ಅಂಥವರಿಗಾಗಿ ಗೃಹಿಣಿಯರೇ ನಡೆಸುವ ಪುಟ್ಟ ಅಂಗಡಿಗಳು. ಚಪಾತಿ, ಪಲ್ಯ, ಪಿಠಲೆ, ಥಾಲಿಪೀಠ. ಸಂಕಷ್ಟಿಯ ದಿನ ಉಕಡೀಚೇ ಮೋದಕ, ಹೋಳಿಗೆ ಪೂರಣಪೋಳಿ. ಇಲ್ಲಿ "ಹೋಳಿಗೆ" ಅಂದರೆ ಹೋಳಿ ಹಬ್ಬಕ್ಕೆ ಎಂದರ್ಥ, ಆದರೆ ಪೂರಣಪೋಳಿ ಅಂದರೆ ನಮ್ಮ ಹೋಳಿಗೆಯೇ. ಎಷ್ಟು ಹತ್ತಿರ ನೋಡಿ!

ಈ ಹತ್ತಿರದ ಲೆಕ್ಕ ಹಾಕುತ್ತಾ ಹೋದರೆ ಮುಗಿಯುವುದೇ ಇಲ್ಲ. ನಾಗರಪಂಚಮಿಗೆ ಇವರು ಅರಿಸಿನ ಎಲೆಯಲ್ಲಿ ಪಾತೋಳ್ಯಾ ಬೇಯಿಸುತ್ತಾರೆ. ನಮ್ಮ ಕರಾವಳಿಯಲ್ಲೂ ಅದೇ ದಿನ, ಅದೇ ಎಲೆ, ಅದೇ ಬೆಲ್ಲ ಕಾಯಿ. ಇವರ ಅಳೂವಡಿ, ನಮ್ಮ ಪತ್ರೊಡೆ ಅಕ್ಕತಂಗಿಯರು. ಇವರ ಘಾವನಕ್ಕೂ ನಮ್ಮ ನೀರುದೋಸೆಗೂ ವ್ಯತ್ಯಾಸ ಹೇಳಲು ಕಷ್ಟ. ಇವರ ಸೋಲಕಢಿಯ ಆಮಸೂಲ್ ಅಂದರೆ ಮಂಗಳೂರಿನವರ ಪುನರ್ಪುಳಿ, ಕುಮಟೆಯವರ ಮುರುಗಲು. ಥಾಣೆ ಜಿಲ್ಲೆಯ ಸಿಕೆಪಿ, ಅಂದರೆ ಚಾಂದ್ರಸೇನೀಯ ಕಾಯಸ್ಥ ಪ್ರಭು ಮನೆತನದವರು ಮಾಡುವ ವಾಲಾಚೇ ಬಿರಡೆ ಎಂಬ ಸಾರು ಇದೆ. ಮೊಳಕೆ ಬಂದ ವಾಲ್ ಕಾಳನ್ನು ಒಂದೊಂದಾಗಿ ಸಿಪ್ಪೆ ಸುಲಿದು ಮಾಡುವುದು. ಹಿತಕಿದ ಅವರೆಬೇಳೆ ಸಾರು ಉಂಡು ಬೆಳೆದ ಮೈಸೂರು ಕಡೆಯವರಿಗೆ ಅದರ ಶ್ರಮವೂ ಗೊತ್ತು, ರುಚಿಯೂ ಗೊತ್ತು.

ಮಳೆ ಶುರುವಾದ ಮೇಲೆ ಡೊಂಬಿವಲಿ, ಕಲ್ಯಾಣದ ಮಾರುಕಟ್ಟೆ ಬೀದಿಗಳಲ್ಲಿ ಆದಿವಾಸಿ ಹೆಂಗಸರು ಕಾಡಿನ ಸೊಪ್ಪು ತರಕಾರಿ ತಂದು ಕೂರುತ್ತಾರೆ. ಟಾಕಳಾ ಅಂದರೆ ತುಳುನಾಡಿನವರು ಆಟಿ ತಿಂಗಳಲ್ಲಿ ತಿನ್ನುವ ತಜಂಕ್. ಕರ್ಟೋಲಿ ಅಂದರೆ ಮಾಡಹಾಗಲಕಾಯಿ. ಶೇವಳಾ ಎಂಬುದೊಂದಿದೆ, ಸುವರ್ಣಗಡ್ಡೆಯ ಜಾತಿಯ ಕಾಡುಗಿಡದ ಹೂಗೊಂಚಲು. ನಾಲಿಗೆ ತುರಿಸುತ್ತದೆ. ಅದಕ್ಕೇ ಮಾರುವವರು ಕಾಕಡ್ ಎಂಬ ಹುಳಿಕಾಯಿಯನ್ನೂ ಜೊತೆಗೆ ಕೊಡುತ್ತಾರೆ. ಅದನ್ನು ಹಾಕದೆ ಬೇಯಿಸಿದರೆ ಮರುದಿನ ಆಫೀಸಿನಲ್ಲಿ ಮಾತಾಡಲಾಗುವುದಿಲ್ಲ. ನಾನು ಅನುಭವಿಸಿ ಹೇಳುತ್ತಿದ್ದೇನೆ. ಮಾತಾಡುವುದೇ ನನ್ನ ಕೆಲಸ, ಆ ದಿನ ಪಾಡು ನೀವೇ ಊಹಿಸಿ. ಇವು ಹೋಟೆಲಿನಲ್ಲಿ ಸಿಗುವುದಿಲ್ಲ. ಮಾರುವಾಕೆಯನ್ನೇ "ಹೇಗೆ ಮಾಡಬೇಕು?" ಎಂದು ಕೇಳಿ. ಪೂರ್ತಿ ಪಾಠ ಹೇಳಿಕೊಡುತ್ತಾಳೆ.

ಇಲ್ಲಿಯ ತನಕ ಹೇಳಿದ್ದು ಹೆಚ್ಚಾಗಿ ಪೇಟೆಯ ತಿಂಡಿ. ಆದರೆ ಹುಡುಗ ಕೇಳಿದ್ದು "ಊರಿನವರು" ಏನು ತಿನ್ನುತ್ತಾರೆ ಎಂದು. ಈ ಊರಿನ ಮೂಲ ಜನ ಕೋಳಿಗಳು ಮತ್ತು ಆಗ್ರಿಗಳು. ಕೋಳಿಗಳು ಮೀನು ಹಿಡಿಯುವವರು. ಥಾಣೆ ನಿಲ್ದಾಣದ ಪಕ್ಕದಲ್ಲೇ ಚೆಂದಣಿ ಕೋಳಿವಾಡಾ ಇದೆ. ರೈಲು ಬರುವ ಮೊದಲೇ ಅವರಿದ್ದರು. ಆಗ್ರಿಗಳು ಭತ್ತ ಬೆಳೆಯುವವರು, ಉಪ್ಪು ತೆಗೆಯುವವರು. ಆಗರ ಅಂದರೆ ಉಪ್ಪಿನ ಗದ್ದೆ, ಅದರಿಂದಲೇ ಆಗ್ರಿ ಎನ್ನುತ್ತಾರೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಆ ಮಾತು ಹೊಸದಲ್ಲ. ಉತ್ತರ ಕನ್ನಡದಲ್ಲೂ ಉಪ್ಪಿನ ಕೆಲಸ ಮಾಡಿಕೊಂಡು ಬಂದ ಆಗೇರರು ಇದ್ದಾರಲ್ಲ!

ನವಿ ಮುಂಬಯಿಯಲ್ಲಿ ಮನೆ ಮಾಡಿರುವ ಕೇಳುಗರು ಒಂದು ವಿಷಯ ತಿಳಿದಿರಬೇಕು. 1970ರಲ್ಲಿ ಸಿಡ್ಕೋ ಶುರುವಾಯಿತು. ಥಾಣೆ, ಪನವೇಲ್, ಉರಣ್ ಕಡೆಯ 95 ಹಳ್ಳಿಗಳ ಜಮೀನು ಹೊಸ ನಗರದ ಯೋಜನೆಗೆ ಸೇರಿತು. ನಾವು ಸೆಕ್ಟರ್ ನಂಬರು ಹೇಳಿ ರಿಕ್ಷಾ ಹತ್ತುವ ಜಾಗಗಳೆಲ್ಲ ಭತ್ತದ ಗದ್ದೆ, ಉಪ್ಪಿನ ಆಗರ, ಮೀನಿನ ಖಾಡಿ ಆಗಿದ್ದವು. ಸರಿಯಾದ ಪರಿಹಾರ ಬೇಕೆಂದು ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಉರಣ್ ತಾಲೂಕಿನ ಜಾಸಯಿ ಸುತ್ತಮುತ್ತ ಗೋಲಿಬಾರ್ ಆಗಿ ಐವರು ಪ್ರಾಣ ಕಳೆದುಕೊಂಡರು. ಸ್ವಾಧೀನವಾದ ಜಮೀನಿನ ಶೇಕಡ 12.5ರಷ್ಟನ್ನು ಅಭಿವೃದ್ಧಿ ಮಾಡಿ ಮರಳಿ ಕೊಡುವ ಯೋಜನೆ ಬಂದದ್ದು ಅಂಥ ಹೋರಾಟದಿಂದ. ನಮ್ಮ ಫ್ಲ್ಯಾಟಿನ ಅಡಿಯಲ್ಲಿ ಯಾರೋ ಒಬ್ಬರ ಗದ್ದೆ ಇದೆ. ಇದನ್ನು ಹೇಳಿದ್ದು ಯಾರ ಮನಸ್ಸೂ ನೋಯಿಸಲು ಅಲ್ಲ. ಮನೆಗೆ ಬಂದ ಅತಿಥಿ ಮನೆಯವರ ಹೆಸರು ತಿಳಿದುಕೊಳ್ಳಬೇಕಲ್ಲ, ಅಷ್ಟೇ.

ಅವರ ಊಟ ಎಲ್ಲಿ ಸಿಗುತ್ತದೆ? ಬೇಲಾಪುರ ನಿಲ್ದಾಣದಿಂದ ರಿಕ್ಷಾದಲ್ಲಿ ಸ್ವಲ್ಪ ದೂರ ದಿವಾಳೆ ಕೋಳಿವಾಡಾ. ಬೆಳಗ್ಗೆ ಹೋದರೆ ಖಾಡಿಯ ಮೀನು, ಚಿಂಬೋರಿ ಅಂದರೆ ಏಡಿ, ಕೋಳಂಬಿ ಅಂದರೆ ನಮ್ಮ ಕುಂದಾಪುರದವರ ಚಟ್ಲಿ, ತುಳುವರ ಎಟ್ಟಿ, ತಿಸರ್ಯಾ ಅಂದರೆ ಮರುವಾಯಿ, ಎಲ್ಲ ಸಿಗುತ್ತವೆ. ಕೆಸರಿನ ಮೇಲೆ ಕುಪ್ಪಳಿಸುವ ನಿವಟಿ ಎಂಬ ಮೀನು ಇಲ್ಲಿಯವರಿಗೆ ಬಲು ಇಷ್ಟ. ಇದೇ ಖಾಡಿಗೆ ಫ್ಲೆಮಿಂಗೋ ಹಕ್ಕಿಗಳು ಬರುತ್ತವೆ. 2022ರಲ್ಲಿ ಥಾಣೆ ಖಾಡಿಗೆ ರಾಮ್ಸರ್ ತಾಣದ ಮಾನ್ಯತೆ ಬಂತು. ಊಟಕ್ಕಾದರೆ ಕಲ್ಯಾಣ–ಶಿಳ್ ರಸ್ತೆ, ಪನವೇಲ್ ಕಡೆಯ ರಸ್ತೆಗಳಲ್ಲಿ ಆಗ್ರಿ ಪದ್ಧತಿಯ ಊಟ ಎಂದು ಬರೆದಿರುವ ಸಣ್ಣ ಖಾನಾವಳಿಗಳನ್ನು ಹುಡುಕಿ. ಒಳ್ಳೆಯದು ಯಾವುದು ಎಂದು ಗುರುತಿಸಲು ಎರಡು ಉಪಾಯ: ಅಕ್ಕಿಯ ಭಾಕರಿಯನ್ನು ನೀವು ಕೂತ ಮೇಲೆ ತಟ್ಟಿ ಬೇಯಿಸಬೇಕು, ಮತ್ತು "ಇವತ್ತು ಯಾವ ಮೀನು?" ಎಂದು ಕೇಳಿದರೆ ಉತ್ತರ ದಿನಕ್ಕೊಂದಾಗಿರಬೇಕು. ಚಳಿಗಾಲದಲ್ಲಿ ಡೊಂಬಿವಲಿಯಲ್ಲಿ ಆಗ್ರಿ ಮಹೋತ್ಸವ, ನೆರೂಳಿನಲ್ಲಿ ಆಗ್ರಿ-ಕೋಳಿ ಮಹೋತ್ಸವ ನಡೆದುಕೊಂಡು ಬಂದಿವೆ. ಅಲ್ಲಿ ಮಹಿಳಾ ಬಚತ್ ಗಟಗಳ ಹೆಂಗಸರು ಎದುರಿಗೇ ಒಲೆ ಹಚ್ಚಿ ಬಡಿಸುತ್ತಾರೆ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಪನವೇಲ್ ಕಡೆ ಗೆಳೆಯರಿದ್ದರೆ ಚಳಿಗಾಲದಲ್ಲಿ ಪೋಪಟಿಗೆ ಕರೆಸಿಕೊಳ್ಳಿ. ಮಣ್ಣಿನ ಮಡಕೆಯಲ್ಲಿ ಭಾಂಬುರ್ಡಾ ಸೊಪ್ಪು ಹಾಸಿ, ಎಳೆ ವಾಲ್ ಕಾಯಿ, ಬಟಾಟೆ, ಮೊಟ್ಟೆ, ಬೇಕಾದರೆ ಕೋಳಿ ತುಂಬಿ, ಮಡಕೆ ಬೋರಲು ಹಾಕಿ ಸುತ್ತ ಹುಲ್ಲು ಕಟ್ಟಿಗೆ ಉರಿಸುತ್ತಾರೆ. ಒಂದು ಹನಿ ನೀರು ಹಾಕುವುದಿಲ್ಲ.

ಆ ಊಟದ ಕೆಂಪು ಬಣ್ಣ ನೋಡಿದಾಗ ಒಂದು ಪ್ರಶ್ನೆ ಕೇಳಿ: "ಮಸಾಲೆಗೆ ಯಾವ ಮೆಣಸಿನಕಾಯಿ?" ಉತ್ತರದಲ್ಲಿ ಎರಡು ಹೆಸರು ಬಂದೇ ಬರುತ್ತವೆ, ಬೇಡಗಿ ಮತ್ತು ಸಂಕೇಶ್ವರಿ. ಬಣ್ಣಕ್ಕೆ ಬೇಡಗಿ, ಖಾರಕ್ಕೆ ಸಂಕೇಶ್ವರಿ. ಬೇಡಗಿ ಅಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿ. ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಂಕೇಶ್ವರಿಯ ಹೆಸರು ಬಂದದ್ದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ. ಏಪ್ರಿಲ್, ಮೇ ತಿಂಗಳಲ್ಲಿ ಈ ಊರಿನ ತಾರಸಿಗಳ ಮೇಲೆ ಒಣಗುವ ಮೆಣಸಿನಕಾಯಿ ನಮ್ಮ ನೆಲದ ಹೆಸರು ಹೊತ್ತು ವಾಶಿಯ ಮಾರುಕಟ್ಟೆಗೆ ಬಂದದ್ದು. ನಾವು ಈ ಊರಿನ ಅಡುಗೆಮನೆಗೆ ಹೋಗಿಲ್ಲದೇ ಇರಬಹುದು. ನಮ್ಮ ಮೆಣಸಿನಕಾಯಿ ಯಾವತ್ತೋ ಹೋಗಿ ಕೂತಿದೆ.

ಇನ್ನು ಅಪ್ಪಯ್ಯನ ಕಥೆ. ಪತ್ರ ಬಂದ ವಾರ ನನಗೆ ಆ ಮಾವಶಿಯ ನೆನಪು ಕಾಡತೊಡಗಿತು. ಹಳೆಯ ಹೋಟೆಲ್ ಈಗ ಇಲ್ಲ. ಮೀನು ಮಾರುಕಟ್ಟೆಯಲ್ಲಿ ವಿಚಾರಿಸಿದೆ. ಮೂರನೆಯ ಸಲ ಹೋದಾಗ ಒಬ್ಬಾಕೆ, "ಇಡ್ಲಿ ತಿನ್ನುತ್ತಿದ್ದ ಅಜ್ಜಿಯಾ?" ಎಂದು ನಕ್ಕು ದಾರಿ ತೋರಿಸಿದಳು. ಮಾವಶಿಗೆ ಈಗ ಎಪ್ಪತ್ತು ದಾಟಿದೆ. ಮಂಡಿ ನೋವು, ಬುಟ್ಟಿ ಹೊರುವುದಿಲ್ಲ. ನಾನು ಯಾರೆಂದು ಹೇಳಿದೆ. ಕ್ಷಣ ಹೊತ್ತು ಮುಖ ನೋಡಿದರು. "ಅಣ್ಣಾ ಎಲ್ಲಿ?" ಎಂದು ಕೇಳಿದರು. ಅವರಿಗೆ ಯಾರೂ ತಿಳಿಸಿರಲಿಲ್ಲ. ನಾವೂ ತಿಳಿಸಿರಲಿಲ್ಲ. ತಿಳಿಸಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಅದನ್ನು ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ.

ಅವರು ಏನೂ ಅನ್ನಲಿಲ್ಲ. ಒಳಗೆ ಹೋಗಿ ಹಿಟ್ಟು ಬಿಸಿನೀರಿನಲ್ಲಿ ಕಲಸಿದರು. ಒದ್ದೆ ಅಂಗೈ ಮೇಲೆ ಭಾಕರಿ ತಟ್ಟುವ ಸದ್ದು ನಮ್ಮ ಪಕ್ಕದ ಮನೆಯ ಗದಗಿನ ಅಜ್ಜಿಯ ರೊಟ್ಟಿಯ ಸದ್ದಿನಂತೆಯೇ ಕೇಳಿಸಿತು. ಒಣ ಬೊಂಬಿಲ್ ಸುಟ್ಟು ಜಜ್ಜಿದ ಚಟ್ನಿ, ಕೋಳಂಬಿಯ ಕಾಲವಣ್, ಬಿಳಿ ಅಕ್ಕಿಯ ಭಾಕರಿ. "ಖಾರ ಆಯಿತಾ?" ಎಂದು ಎರಡು ಸಲ ಕೇಳಿದರು. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರ ಎಂದೇ ಹೇಳಿದೆ. ಊಟ ಮುಗಿಯುವ ತನಕ ಅವರು ಹಳೆಯ ಮಾತು ಎತ್ತಲಿಲ್ಲ. ಕೈ ತೊಳೆದ ಮೇಲೆ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಹೋಟೆಲಿನ ಆ ಬಿಳಿ ಚಟ್ನಿ ಇತ್ತಲ್ಲ, ಅದು ಹೇಗೆ ಮಾಡುವುದು? ನಾನು ಎಷ್ಟು ಸಲ ಮಾಡಿದರೂ ಹಾಗೆ ಬರಲಿಲ್ಲ." ಹುರಿಗಡಲೆ ಎಷ್ಟು, ಕಾಯಿ ಎಷ್ಟು, ಒಗ್ಗರಣೆ ಯಾವಾಗ ಎಂದು ಹೇಳಿದೆ. ಅವರ ಮೊಮ್ಮಗಳು ಮೊಬೈಲಿನಲ್ಲಿ ಬರೆದುಕೊಂಡಳು. ಬರುವ ಆದಿತ್ಯವಾರ ಅವರು ನಮ್ಮ ಮನೆಗೆ ಬರುತ್ತಾರೆ. ಮುಂದಿನ ಬಾಗಿಲಿನಿಂದ.

ಕೇಳುಗರೇ, ಹೊರಡುವ ಮುನ್ನ ಮೂರು ಸಣ್ಣ ಸೂಚನೆ ನೆನಪಿಡಿ. ಒಂದು, ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ತಾಜಾ ಮೀನಿನ ಹಟ ಬೇಡ, ಒಣಮೀನಿನ ರುಚಿ ನೋಡಿ. ಎರಡು, ಶ್ರಾವಣದಲ್ಲಿ ಇಲ್ಲಿಯ ಬಹಳ ಮನೆಗಳಲ್ಲಿ ಮೀನು ಮಾಂಸ ಇಲ್ಲ. ಅದು ಪಾತೋಳ್ಯಾ, ಅಳೂವಡಿಯ ಕಾಲ, ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದ ತಿಂಗಳು. ಮೂರು, ಹೋದಲ್ಲೆಲ್ಲ ಮುರುಕು ಮರಾಠಿಯಲ್ಲಾದರೂ ಮಾತಾಡಿ. ಅವರಿಗೆ ನಾವೆಲ್ಲ "ಅಣ್ಣಾ". ಆ ಮಾತಿನಲ್ಲಿ ಪ್ರೀತಿ ಇದೆ. ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳೋಣ.

ಕಳವಾದ ತಾಯಿ ಮೊನ್ನೆ ಫೋನ್ ಮಾಡಿದ್ದರು. ಮಗ ಹಡಗಿಗೆ ವಾಪಸು ಹೋಗುವ ಮುಂಚೆ ಮಿಸಳ್ ತಿಂದ, ಹಳದಿ ಚಟ್ನಿ ತಿಂದ, ಕೊನೆಗೆ ಅವರ ಸೊಸೈಟಿಯ ಕೆಳಗಿನ ಮನೆಯ ಆಗ್ರಿ ಕಾಕಿಯೇ ಕರೆದು ಭಾಕರಿ ಹಾಕಿದರಂತೆ. ಹದಿನಾಲ್ಕು ವರ್ಷದಿಂದ ಅದೇ ಕಟ್ಟಡದಲ್ಲಿ ಇದ್ದವರು. "ಕೇಳಿದ್ದರೆ ಯಾವತ್ತೋ ಹಾಕುತ್ತಿದ್ದೆನಲ್ಲ" ಎಂದರಂತೆ ಕಾಕಿ.

ನಿಮ್ಮ ಕಟ್ಟಡದಲ್ಲೂ ಒಬ್ಬ ಕಾಕಿ ಇರಬಹುದು. ಈ ಆದಿತ್ಯವಾರ ಹೋಗಿ ಬನ್ನಿ. ಏನು ತಿಂದಿರಿ, ಯಾರು ಬಡಿಸಿದರು ಎಂದು ನಮಗೆ ಬರೆಯಿರಿ. ಮುಂದಿನ ಕಾರ್ಯಕ್ರಮದಲ್ಲಿ ಓದುತ್ತೇನೆ.

ಮತ್ತೆ ಸಿಗೋಣ. ನಮಸ್ಕಾರ.